ಗಂಡಿಕೋಟಕ್ಕೆ ಮೋತಿಯನ್ನೂ ಕರೆದೊಯ್ಯಬಹುದೇ?

ಪ್ರಶ್ನೆ: ಏಪ್ರಿಲ್ ರಜೆಯಲ್ಲಿ ಮಕ್ಕಳೊಂದಿಗೆ ಕಾರಿನಲ್ಲಿ ಆಂಧ್ರದ ಗಂಡಿಕೋಟಕ್ಕೆ ಹೋಗಿ, ಕಣಿವೆಯ ಬಳಿ ಒಂದು ರಾತ್ರಿ ಟೆಂಟ್ ಹಾಕಿ ತಂಗಬೇಕೆಂದಿದ್ದೇವೆ. ನಾಲ್ಕು ವರ್ಷದ ನಮ್ಮ ನಾಟಿ ನಾಯಿ ಮೋತಿಯನ್ನು ಬಿಟ್ಟು ಹೋಗಲು ಮಕ್ಕಳು ಒಪ್ಪುತ್ತಿಲ್ಲ. ಕಾರು ಹತ್ತಿದರೆ ಅವನು ವಾಂತಿ ಮಾಡುತ್ತಾನೆ. ಏನು ಎಚ್ಚರ ವಹಿಸಬೇಕು?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಆದರೆ ಏಪ್ರಿಲ್‌ನಲ್ಲಿ ಬೇಡ, ಮಕ್ಕಳು ಎಷ್ಟೇ ಹಟ ಹಿಡಿದರೂ ಬೇಡ. ನಮ್ಮ ಅಡುಗೆಮನೆಗಳಿಗೆ ಕಡಪ ಕಲ್ಲು ಬರುವ ಸೀಮೆ ಅದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಣಿವೆಯ ಬಂಡೆಗಳ ಮೇಲೆ ನೆರಳೇ ಇಲ್ಲ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿಯೇ ದೇಹವನ್ನು ತಣಿಸಿಕೊಳ್ಳಬೇಕು. ಅಂಗಾಲು ಸುಟ್ಟು ಬೊಬ್ಬೆ ಎದ್ದ ನಾಯಿಗಳಿಗೆ ಪ್ರತಿ ಬೇಸಿಗೆಯಲ್ಲೂ ನಾನು ಪಟ್ಟಿ ಕಟ್ಟುತ್ತೇನೆ. ಡಿಸೆಂಬರ್ ಅಥವಾ ಜನವರಿಯವರೆಗೆ ಕಾಯಿರಿ. ಆಗಲೂ ಮಧ್ಯಾಹ್ನ ಬಂಡೆಯ ಮೇಲೆ ಹಿಂಗೈ ಇಟ್ಟು ಏಳು ಎಣಿಸಿ ನೋಡಿ. ನಿಮಗೆ ತಾಳಲಾಗದಿದ್ದರೆ ಮೋತಿಗೂ ತಾಳಲಾಗದು.

ವಾಂತಿಗೆ ಅಭ್ಯಾಸವೇ ಮದ್ದು. ಇನ್ನೂ ಸಮಯವಿದೆ: ಮೊದಲು ನಿಂತ ಕಾರಿನಲ್ಲಿ ಕೂರಿಸಿ, ಆಮೇಲೆ ಬೀದಿಯ ಕೊನೆಯವರೆಗೆ, ಆಮೇಲೆ ಅರ್ಧ ಗಂಟೆ ಸುತ್ತಾಡಿಸಿ. ಹೊರಡುವ ನಾಲ್ಕೈದು ಗಂಟೆ ಮೊದಲೇ ಊಟ ಮುಗಿದಿರಲಿ, ನೀರು ಮಾತ್ರ ಕೊಡುತ್ತಿರಿ. ಮನುಷ್ಯರ ಮಾತ್ರೆಯನ್ನು ಮುರಿದು ಕೊಡಬೇಡಿ. ನಾಯಿಗೆಂದೇ ಇರುವ ಔಷಧವನ್ನು ನಿಮ್ಮ ಪಶುವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಕದಿರಿ, ಜಮ್ಮಲಮಡುಗು ಮಾರ್ಗವಾಗಿ ಸುಮಾರು 280 ಕಿ.ಮೀ. ಎರಡು ಗಂಟೆಗೊಮ್ಮೆ ಇಳಿಸಿ ನಡೆಸಿ. ನೀವು ದಾಟಿ ಹೋಗುವ ನಂದಿಯ ಗಿರಿಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೇ ಅಲ್ಲಿ ಎರ್ರಮಲ ಬೆಟ್ಟವನ್ನು ಸೀಳಿಕೊಂಡು ಹರಿಯುವ ಪೆನ್ನಾ. ಮಕ್ಕಳಿಗೆ ಇದನ್ನು ದಾರಿಯಲ್ಲೇ ಹೇಳಿ.

ಇನ್ನು ಕಣಿವೆಯ ಅಂಚು. ಅಲ್ಲಿ ಬೇಲಿಯಿಲ್ಲ. ಚಪ್ಪಡಿಗಳನ್ನು ಪೇರಿಸಿಟ್ಟಂತೆ ಬಂಡೆಗಳು, ಅವುಗಳ ನಡುವೆ ಸಂದುಗಳು, ಆಚೆಗೆ ನೇರ ಪ್ರಪಾತ. ಎರಡು ವರ್ಷದ ಹಿಂದೆ ನನ್ನ ನಾಯಿ ಕೆಂಚಿ ಅಲ್ಲಿ ನನ್ನ ಕಾಲ ಬಳಿಯೇ ಶಾಂತವಾಗಿ ಕುಳಿತಿದ್ದಳು. ಪಕ್ಕದ ಬಂಡೆಯಿಂದ ಕೋತಿಯೊಂದು ಕೆಳಗೆ ಜಿಗಿದದ್ದೇ ತಡ, ಚಿಮ್ಮಿದಳು. ಕೊರಳಪಟ್ಟಿ ಕಿವಿಗಳ ಮೇಲಿಂದ ಜಾರಿ ನನ್ನ ಪಾದದ ಮೇಲೆ ಬಿತ್ತು. ಎದೆಯನ್ನು ಸುತ್ತುವ ಹಾರ್ನೆಸ್‌ಗೆ ಇನ್ನೊಂದು ಹಗ್ಗ ಕಟ್ಟಿದ್ದರಿಂದ ಅವಳು ಉಳಿದಳು. ಬಂಡೆಯ ತುದಿಗೂ ಅವಳ ಮುಂಗಾಲಿಗೂ ಒಂದು ಗೇಣು ಅಂತರವಿತ್ತು. ಅಟ್ಟಿಸಿಕೊಂಡು ಹೋಗುವ ನಾಯಿಗೆ ಎದುರಿನ ಆಳ ಕಾಣುವುದಿಲ್ಲ. ‘ನಮ್ಮದು ಹೇಳಿದ ಮಾತು ಕೇಳುತ್ತದೆ’ ಎಂಬ ಭರವಸೆಯಿಂದ ಅಲ್ಲಿ ಹಗ್ಗ ಬಿಚ್ಚುವವರನ್ನು ಕಂಡರೆ ಇಂದಿಗೂ ನನ್ನ ಎದೆ ನಡುಗುತ್ತದೆ. ಹಾರ್ನೆಸ್ ಬಿಗಿಯಾಗಿರಲಿ, ಹಗ್ಗ ಗಿಡ್ಡವಾಗಿರಲಿ, ಅದು ದೊಡ್ಡವರ ಕೈಯಲ್ಲೇ ಇರಲಿ. ಟೆಂಟ್ ಅಂಚಿನಿಂದ ದೂರವಿರಲಿ. ರಾತ್ರಿ ಮೋತಿ ನಿಮ್ಮೊಡನೆ ಟೆಂಟಿನ ಒಳಗೇ ಮಲಗಲಿ; ಗೂಟಕ್ಕೆ ಕಟ್ಟಿದರೆ ಒಂದೇ ಎಳೆತಕ್ಕೆ ಅದು ಕಿತ್ತು ಬರುತ್ತದೆ.

ಟೆಂಟುಗಳ ಸುತ್ತ ಜನ ಎಸೆದ ಕೋಳಿ ಮೂಳೆ ಬಿದ್ದಿರುತ್ತದೆ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚಬಲ್ಲದು. ಹಾಗಾಗಿ ಬೆಳಗ್ಗೆ ಅವನನ್ನು ಹೊರಗೆ ಬಿಡುವ ಮೊದಲು ನೀವೇ ಒಂದು ಸುತ್ತು ನೋಡಿ ಬನ್ನಿ. ರೇಬೀಸ್ ಲಸಿಕೆಯ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕುರುಚಲು ಗಿಡಗಳಲ್ಲಿ ರೋಗ ಹರಡುವ ಉಣುಗು ಇರುತ್ತದೆ. ಮನೆಗೆ ಮರಳಿದ ದಿನವೇ ಕಿವಿಯ ಒಳಮಡಿಕೆ, ಬೆರಳ ಸಂದು, ಬಾಲದ ಬುಡವನ್ನು ತಡವಿ ನೋಡಿ. ಮುಂದಿನ ಎರಡು ಮೂರು ವಾರಗಳಲ್ಲಿ ಅವನು ಊಟ ಬಿಟ್ಟರೆ ಅಥವಾ ಒಸಡು ಬಿಳಿಚಿಕೊಂಡರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ದು, ಗಂಡಿಕೋಟಕ್ಕೆ ಹೋಗಿ ಬಂದದ್ದನ್ನು ಮೊದಲೇ ಹೇಳಿ.