ಟೆಕ್ಸಸ್‌ನಲ್ಲಿ ಮನೆ ತಿಂಡಿ ಮಾರಲು ಲೈಸೆನ್ಸ್ ಬೇಡ, ಆದರೆ ಇಷ್ಟು ತಿಳಿದಿರಲಿ

ಫ್ರಿಸ್ಕೋಗೆ ಹೊಸದಾಗಿ ಬಂದಿದ್ದೇವೆ, ಯಜಮಾನರದ್ದು ಎಚ್-1ಬಿ ಕೆಲಸದ ವೀಸಾ, ನನ್ನದು ಅವರ ಹೆಂಡತಿಯಾಗಿ ಸಿಕ್ಕ ಎಚ್-4 ವೀಸಾ, ಊರಲ್ಲಿ ಬೇಕರಿ ಕೆಲಸ ಕಲಿತಿದ್ದೆ, ಖಾರ ಬಿಸ್ಕತ್ತು, ನಿಪ್ಪಟ್ಟು, ಉಪ್ಪಿನಕಾಯಿ ಎಲ್ಲಾ ಮಾಡುತ್ತೇನೆ, ಇಲ್ಲಿ ಲೈಸೆನ್ಸ್ ಇಲ್ಲದೆ ಮನೆಯಿಂದಲೇ ಮಾರಬಹುದಂತೆ, ನಿಜವಾ ಅಕ್ಕಾ ಅಂತ ಕೇಳಿದ್ದೀರಿ. ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ಮಾರುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ನಿಜ, ಟೆಕ್ಸಸ್‌ನಲ್ಲಿ ಲೈಸೆನ್ಸ್ ಬೇಡ. ನಾನು ಇಲ್ಲಿ ಬಹಳ ವರ್ಷದಿಂದ ಇದ್ದೇನೆ, ಮನೆಯಿಂದ ತಿಂಡಿ ಮಾಡಿ ಮಾರುತ್ತೇನೆ, ಈ ಕಾನೂನು ಒಳ್ಳೆಯ ಕಾನೂನು ಅಂತಲೇ ನನ್ನ ಅಭಿಪ್ರಾಯ. ಆದರೆ ಲೈಸೆನ್ಸ್ ಬೇಡ ಅಂದರೆ ನಿಯಮ ಇಲ್ಲ ಅಂತಲ್ಲ. ನಿಮ್ಮ ಅಡುಗೆಮನೆ ನೋಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ, ಅದಕ್ಕೇ ಎಲ್ಲಾ ಜವಾಬ್ದಾರಿ ನಿಮ್ಮ ತಲೆ ಮೇಲೆ ಬರುತ್ತದೆ.

ತಿಂಡಿ ವಿಷಯಕ್ಕೆ ಬರುವ ಮುಂಚೆ ವೀಸಾ ವಿಷಯ. ಇದನ್ನು ಯಾರೂ ಮೊದಲು ಹೇಳುವುದಿಲ್ಲ, ನನಗೆ ಅದೇ ಬೇಜಾರು. ತಿಂಡಿ ಮಾರುವುದಕ್ಕೆ ಅನುಮತಿ ಕೊಟ್ಟಿರುವುದು ರಾಜ್ಯದ ಕಾನೂನು. ನೀವು ಈ ದೇಶದಲ್ಲಿ ದುಡಿಯಬಹುದಾ ಅಂತ ಹೇಳುವುದು ಕೇಂದ್ರದ ಕಾನೂನು. ಎಚ್-4ನಲ್ಲಿರುವವರು ಇಎಡಿ ಕಾರ್ಡ್, ಅಂದರೆ ಕೆಲಸದ ಅನುಮತಿ ಪತ್ರ, ಇಲ್ಲದೆ ಕೆಲಸ ಮಾಡುವ ಹಾಗಿಲ್ಲ, ಮನೆಯಲ್ಲೇ ಮಾಡಿ ದುಡ್ಡಿಗೆ ಮಾರಿದರೂ ಅದು ಕೆಲಸವೇ. ಗೆಳತಿಯರೇ ಕೊಂಡರು, ಜೆಲ್ ಆ್ಯಪಿನಲ್ಲಿ ದುಡ್ಡು ಕಳಿಸಿದರು, ಬರೀ ಇಪ್ಪತ್ತು ಡಾಲರ್ ತಾನೇ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. 2015ರಿಂದ ಕೆಲವು ಎಚ್-4 ಸಂಗಾತಿಗಳಿಗೆ ಇಎಡಿ ಸಿಗುತ್ತಿದೆ, ಸಾಮಾನ್ಯವಾಗಿ ಯಜಮಾನರ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಅಪ್ರೂವ್ ಆಗಿದ್ದರೆ. ಎಲ್-1ನಲ್ಲಿ, ಅಂದರೆ ಕಂಪನಿಯೊಳಗಿನ ವರ್ಗಾವಣೆ ವೀಸಾದಲ್ಲಿ, ಬಂದವರ ಸಂಗಾತಿಗಳಿಗೆ 2021ರ ಕೊನೆಯಿಂದ ಆ ತೊಂದರೆ ಇಲ್ಲ, ಸ್ಟೇಟಸ್ ಜೊತೆಗೇ ಕೆಲಸದ ಅನುಮತಿ ಬರುತ್ತದೆ. ನಿಮ್ಮದು ಎಚ್-4 ಅಂತ ಬರೆದಿದ್ದೀರಿ, ಇಎಡಿ ಇದೆಯಾ ಅಂತ ಬರೆದಿಲ್ಲ. ಇಲ್ಲದಿದ್ದರೆ ದಯವಿಟ್ಟು ಸದ್ಯಕ್ಕೆ ಮಾರಬೇಡಿ. ನಾಳೆ ಗ್ರೀನ್ ಕಾರ್ಡ್ ಹೊತ್ತಿಗೆ ಅನುಮತಿ ಇಲ್ಲದೆ ಕೆಲಸ ಮಾಡಿದ್ದೀರಾ ಅಂತ ಕೇಳುತ್ತಾರೆ, ಆಗ ನಾಲ್ಕು ಡಬ್ಬ ನಿಪ್ಪಟ್ಟಿಗೋಸ್ಕರ ಇಡೀ ಮನೆಯವರು ಕಷ್ಟಕ್ಕೆ ಸಿಕ್ಕಿಕೊಳ್ಳಬಾರದು. ಯಜಮಾನರ ಹೆಸರಲ್ಲಿ ನಡೆಸುತ್ತೇನೆ ಅನ್ನುವುದೂ ಬೇಡ, ಎಚ್-1ಬಿಯವರು ತಮ್ಮ ಕಂಪನಿ ಬಿಟ್ಟು ಬೇರೆ ದುಡಿಮೆ ಮಾಡುವ ಹಾಗಿಲ್ಲ. ಅನುಮಾನ ಇದ್ದರೆ ಇಮಿಗ್ರೇಶನ್ ವಕೀಲರನ್ನು ಒಂದು ಸಲ ಕೇಳಿ, ಫೀಸು ಕೊಟ್ಟರೂ ಪರವಾಗಿಲ್ಲ. ಸಂಘದ ಯುಗಾದಿ ಕಾರ್ಯಕ್ರಮಕ್ಕೆ ದುಡ್ಡು ತಗೊಳ್ಳದೆ ಮಾಡಿಕೊಡುವುದು, ಅಕ್ಕಪಕ್ಕದವರಿಗೆ ಸುಮ್ನೆ ಕೊಡುವುದು ಬೇರೆ ಮಾತು.

ಇಎಡಿ ಇದೆ ಅಂತಲೇ ಇಟ್ಟುಕೊಂಡು ಮುಂದೆ ಹೇಳುತ್ತೇನೆ.

ಮನೆಯಲ್ಲಿ ಮಾಡಿದ ತಿಂಡಿ ಮಾರುವ ಕಾನೂನಿಗೆ ಇಲ್ಲಿ ಕಾಟೇಜ್ ಫುಡ್ ಕಾನೂನು ಅನ್ನುತ್ತಾರೆ. ಟೆಕ್ಸಸ್‌ನಲ್ಲಿ ಮೊದಲು ಬಂದದ್ದು 2011ರಲ್ಲಿ. ಆಗ ಬೇಕರಿ ತಿಂಡಿ, ಜಾಮ್ ಥರದ್ದು ಮಾತ್ರ, ಅದೂ ಮನೆ ಬಾಗಿಲಲ್ಲೇ ಮಾರಬೇಕಿತ್ತು. 2013ರಲ್ಲಿ ರೈತರ ಸಂತೆ, ಜಾತ್ರೆಗಳಲ್ಲಿ ಮಾರಲು ಬಿಟ್ಟರು, ಪಟ್ಟಿಯೂ ದೊಡ್ಡದಾಯಿತು. 2019ರಲ್ಲಿ ಹುಳಿ ಇರುವ, ಜಾಡಿಯಲ್ಲಿ ಸೀಲ್ ಮಾಡಿದ ಪದಾರ್ಥಗಳಿಗೆ ದಾರಿ ಆಯಿತು. 2025ರ ಸೆಪ್ಟೆಂಬರ್ 1ರಿಂದ ಎಲ್ಲಾ ತಿರುವುಮುರುವು. ಮೊದಲು ಇದಿದು ಮಾರಬಹುದು ಅಂತ ಪಟ್ಟಿ ಇತ್ತು, ಈಗ ಇದಿದು ಮಾರಬಾರದು ಅಂತ ಪಟ್ಟಿ ಇದೆ, ಉಳಿದದ್ದೆಲ್ಲಾ ಮಾರಬಹುದು. ವರ್ಷಕ್ಕೆ 50,000 ಡಾಲರ್ ಇದ್ದ ಮಾರಾಟದ ಮಿತಿ 1,50,000 ಡಾಲರ್ ಆಗಿದೆ. ಊರಿನ ಆರೋಗ್ಯ ಇಲಾಖೆಯವರು ಪರ್ಮಿಟ್ ತಗೊಳ್ಳಿ, ಫೀಸು ಕಟ್ಟಿ ಅಂತ ಕೇಳುವ ಹಾಗಿಲ್ಲ. ನಿಮ್ಮ ಕಡೆಯಿಂದ ಕಡ್ಡಾಯ ಆಗಿರುವುದು ಫುಡ್ ಹ್ಯಾಂಡ್ಲರ್ ಕಾರ್ಡ್. ಆಹಾರ ಸುರಕ್ಷತೆ ಬಗ್ಗೆ ಆನ್‌ಲೈನ್ ಪಾಠ, ಒಂದೆರಡು ಗಂಟೆ, ಹೆಚ್ಚು ಖರ್ಚಿಲ್ಲ. ರಾಜ್ಯ ಒಪ್ಪಿದ ಕೋರ್ಸೇ ಆಗಿರಲಿ.

ಮಾರಬಾರದ್ದು ಯಾವುದು ಅಂದರೆ ಮಾಂಸ, ಕೋಳಿ, ಮೀನು-ಸೀಗಡಿ, ಐಸ್ ಕ್ರೀಮ್ ಥರದ್ದು, ಹಸಿ ಹಾಲು, ಗಾಂಜಾ ಅಂಶ ಇರುವಂಥದ್ದು, ಮತ್ತು ಹುಳಿ ಕಡಿಮೆ ಇರುವ ಜಾಡಿ ಪದಾರ್ಥ. ಅಂದರೆ ಚಿಕನ್ ಉಪ್ಪಿನಕಾಯಿ ಇಲ್ಲ, ಸೀಗಡಿ ಚಟ್ನಿ ಇಲ್ಲ. ನಿಮ್ಮ ಖಾರ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ಬನ್ನು, ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ, ರವೆ ಉಂಡೆ, ಮೈಸೂರು ಪಾಕು, ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಇವೆಲ್ಲ ಹೊರಗಿಟ್ಟರೂ ಕೆಡದ ಪದಾರ್ಥಗಳು. ಇವುಗಳಿಂದಲೇ ಶುರು ಮಾಡಿ. ಫ್ರಿಡ್ಜಿನಲ್ಲಿ ಇಡಲೇಬೇಕಾದ ಕ್ರೀಮ್ ಕೇಕು, ಆಲೂಗಡ್ಡೆ ಪಲ್ಯ ತುಂಬಿದ ಪಫ್ಸು, ಹಾಲಿನ ಸಿಹಿ, ಹಸಿ ಕಾಯಿ ಚಟ್ನಿ ಇವನ್ನೂ ಈಗ ಮಾರಬಹುದು, ಆದರೆ ಮೊದಲು ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು, ಲೇಬಲ್ ಚೀಟಿ ಮೇಲೆ ಮಾಡಿದ ತಾರೀಕು ಹಾಕಬೇಕು, ತಣ್ಣಗೇ ಇಡಬೇಕು, ತಣ್ಣಗೇ ತಲುಪಿಸಬೇಕು. ಹೋಳಿಗೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೂರಣ ಅಂದರೆ ಬೇಯಿಸಿದ ಬೇಳೆ, ಒಳಗೆ ತೇವ ಇರುತ್ತದೆ. ನಾನಂತೂ ಹೋಳಿಗೆಯನ್ನು ಫ್ರಿಡ್ಜಿನ ಗುಂಪಿಗೇ ಸೇರಿಸುತ್ತೇನೆ. ಟೆಕ್ಸಸ್ ಬೇಸಿಗೆ ನೀವಿನ್ನೂ ಪೂರ್ತಿ ನೋಡಿಲ್ಲ, ಜುಲೈ ತಿಂಗಳಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಇಟ್ಟರೆ ಒಲೆ ಮೇಲಿಟ್ಟ ಹಾಗೇ.

ಈಗ ಉಪ್ಪಿನಕಾಯಿ. ಇದಕ್ಕೇ ನಾನು ಇಷ್ಟು ಉದ್ದ ಬರೆಯುತ್ತಿರುವುದು. ಹಳಸಿದ ಬಿಸ್ಕತ್ತು ತಿಂದರೆ ಹೊಟ್ಟೆ ಕೆಡಬಹುದು, ಜಾಡಿಯಲ್ಲಿ ತಪ್ಪಾದರೆ ಜೀವ ಹೋಗಬಹುದು. ಮಣ್ಣಲ್ಲಿ ಇರುವ ಒಂದು ಬ್ಯಾಕ್ಟೀರಿಯಾ ಇದೆ, ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಅಂತ. ತರಕಾರಿ ಜೊತೆ ಅದರ ಬೀಜಾಣು ಮನೆಗೆ ಬಂದೇ ಬರುತ್ತದೆ. ಗಾಳಿ ಇರುವ ಕಡೆ ಅದು ಬೆಳೆಯುವುದಿಲ್ಲ, ಹುಳಿ ಜಾಸ್ತಿ ಇರುವ ಕಡೆಯೂ ಬೆಳೆಯುವುದಿಲ್ಲ. ಗಾಳಿ ಇಲ್ಲದ, ಹುಳಿ ಇಲ್ಲದ, ತೇವ ಇರುವ ಜಾಗ ಸಿಕ್ಕರೆ ಬೆಳೆದು ವಿಷ ಬಿಡುತ್ತದೆ. ಬಿಗಿಯಾಗಿ ಮುಚ್ಚಿದ ಜಾಡಿಯೊಳಗೆ ಅಂಥ ಜಾಗ ಸಿಗುತ್ತದೆ, ಎಣ್ಣೆ ತುಂಬಿದ ಬೆಳ್ಳುಳ್ಳಿಯ ಕೆಳಗೂ ಸಿಗುತ್ತದೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಕಣ್ಣು ಮಂಜಾಗುತ್ತದೆ, ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ, ಆಮೇಲೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. 2015ರ ಏಪ್ರಿಲ್‌ನಲ್ಲಿ ಒಹಾಯೋ ರಾಜ್ಯದ ಲ್ಯಾಂಕಾಸ್ಟರ್ ಊರಿನ ಚರ್ಚಿನಲ್ಲಿ ಎಲ್ಲರೂ ಮನೆಯಿಂದ ಅಡುಗೆ ತಂದು ಊಟ ಮಾಡಿದರು, ನಮ್ಮ ಸಂಘದಲ್ಲಿ ಪಾಟ್‌ಲಕ್ ಮಾಡುತ್ತೇವಲ್ಲ ಹಾಗೆ. ಆಲೂಗಡ್ಡೆ ಸಲಾಡಿಗೆ ಹಾಕಿದ್ದು ಮನೆಯಲ್ಲಿ ಜಾಡಿಗೆ ತುಂಬಿಟ್ಟ ಆಲೂಗಡ್ಡೆ. 29 ಜನಕ್ಕೆ ಬಾಟ್ಯುಲಿಸಂ, ಅಂದರೆ ಈ ವಿಷದ ಕಾಯಿಲೆ, ಆಯಿತು, ಒಬ್ಬರು ತೀರಿಕೊಂಡರು. ಆ ಜಾಡಿಗಳನ್ನು ಕುದಿಯುವ ನೀರಿನಲ್ಲಿ ಇಟ್ಟು ಸೀಲ್ ಮಾಡಿದ್ದರು, ಅಷ್ಟೇ ಕಾರಣ. ನೀರು ಕುದಿಯುವ ಶಾಖಕ್ಕೆ ಆ ಬೀಜಾಣು ಸಾಯುವುದಿಲ್ಲ. ಅದಕ್ಕೆ 116 ಡಿಗ್ರಿ ಸೆಲ್ಸಿಯಸ್ ಬೇಕು, ಜಾಡಿ ಸೀಲ್ ಮಾಡಲೆಂದೇ ಇರುವ ಪ್ರೆಶರ್ ಕ್ಯಾನರ್ ಬೇಕು. ನಮ್ಮ ಸೀಟಿ ಹೊಡೆಯುವ ಕುಕ್ಕರ್ ಆ ಕೆಲಸಕ್ಕೆ ಮಾಡಿದ್ದಲ್ಲ, ದಯವಿಟ್ಟು ಅದರಲ್ಲಿ ಜಾಡಿ ಇಡಬೇಡಿ.

ಅದಕ್ಕೇ ಕಾನೂನು 4.6 ಪಿಎಚ್ ಅಂತ ಒಂದು ಗೆರೆ ಎಳೆದಿದೆ. ಪಿಎಚ್ ಅಂದರೆ ಹುಳಿಯ ಅಳತೆ, ನಂಬರ್ ಕಡಿಮೆ ಆದಷ್ಟೂ ಹುಳಿ ಜಾಸ್ತಿ. ಅದಕ್ಕಿಂತ ಮೇಲೆ ಇದ್ದರೆ ಜಾಡಿಯಲ್ಲಿ ತುಂಬಿ ಮಾರುವ ಹಾಗೇ ಇಲ್ಲ. ಹಿತಕವರೆ ಬೇಳೆ ಜಾಡಿ, ಸಾಂಬಾರ್ ಜಾಡಿ, ಬೇಯಿಸಿದ ಕಾಳು ಇವೆಲ್ಲ ಹೋಯಿತು. ಉಪ್ಪಿನಕಾಯಿ ಅಥವಾ ಹುಳಿ ಹಾಕಿ ಜಾಡಿಗೆ ತುಂಬಿದ್ದು ಮಾರಬೇಕಾದರೆ ಇಂಥ ಒಂದು ದಾರಿ ಹಿಡಿಯಬೇಕು: ಇಲಾಖೆ ಒಪ್ಪಿದ ಮೂಲದ ರೆಸಿಪಿ ಹಾಗೇ ಮಾಡುವುದು, ಇಲ್ಲಾ ನಿಮ್ಮ ರೆಸಿಪಿಯನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವುದು, ಇಲ್ಲಾ ಪ್ರತಿ ಸಲ ಮಾಡಿದಾಗಲೂ ಸರಿಯಾಗಿ ಹೊಂದಿಸಿದ ಪಿಎಚ್ ಮೀಟರಿನಲ್ಲಿ ಅಳೆಯುವುದು. ಪ್ರತಿ ಸಲದ ಸರಕಿಗೂ ಒಂದು ನಂಬರ್ ಕೊಡಬೇಕು, ಏನು ಹಾಕಿದಿರಿ, ಯಾವತ್ತು ಮಾಡಿದಿರಿ, ಪಿಎಚ್ ಎಷ್ಟು ಬಂತು ಅಂತ ಬರೆದು ಹನ್ನೆರಡು ತಿಂಗಳು ಇಟ್ಟುಕೊಳ್ಳಬೇಕು.

ಅಮ್ಮನ ಕೈ ಅಳತೆ, ಅಜ್ಜಿ ಕಾಲದಿಂದ ಮಾಡುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ ಅಂತ ನಿಮಗೆ ಅನಿಸಬಹುದು. ನಮ್ಮ ಅಜ್ಜಿಯಂದಿರ ಉಪ್ಪಿನಕಾಯಿ ನಿಂತದ್ದು ಕಲ್ಲುಪ್ಪಿನ ಬಲದ ಮೇಲೆ, ಮಿಡಿ ಮಾವಿನ ಹುಳಿಯ ಮೇಲೆ. ಈಗ ನಾವು ಬಿಪಿ ಅಂತ ಉಪ್ಪು ಕಡಿಮೆ ಮಾಡುತ್ತೇವೆ, ಮೆಕ್ಸಿಕೋದ ಅರೆಹಣ್ಣು ಮಾವಿನಕಾಯಿ ತರುತ್ತೇವೆ, ಮೇಲೆ ಕ್ಯಾರೆಟ್, ಬೆಳ್ಳುಳ್ಳಿ, ಶುಂಠಿ ಸೇರಿಸುತ್ತೇವೆ. ಲೆಕ್ಕ ಬದಲಾಯಿತು ಅಲ್ವಾ? ಹುಳಿ ಮಾವಿನಕಾಯಿ, ನಿಂಬೆಕಾಯಿ ಆದರೆ ಮೀಟರು ಸಾಮಾನ್ಯವಾಗಿ 4.6ಕ್ಕಿಂತ ಎಷ್ಟೋ ಕೆಳಗೆ ತೋರಿಸುತ್ತದೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಹಾಗಲಕಾಯಿ ಇವುಗಳಿಗೆ ತಮ್ಮದೇ ಹುಳಿ ಸಾಲದು. ಟೊಮೆಟೊ ಗೆರೆಯ ಮೇಲೇ ಕೂತಿರುತ್ತದೆ, ತಳಿ ನೋಡಿ ಆಚೆ ಈಚೆ ಹೋಗುತ್ತದೆ. ಅದಕ್ಕೇ ಇಲ್ಲಿನ ಕೃಷಿ ಇಲಾಖೆ ಟೊಮೆಟೊ ಜಾಡಿಗೆ ಅಂಗಡಿಯ ಬಾಟಲಿ ನಿಂಬೆರಸ ಹಾಕಿ ಅನ್ನುತ್ತದೆ, ಅದರಲ್ಲಿ ಹುಳಿ ಯಾವಾಗಲೂ ಒಂದೇ ಸಮ ಇರುತ್ತದೆ. ಪುಳಿಯೋಗರೆ ಗೊಜ್ಜು ಇಲ್ಲಿ ಚೆನ್ನಾಗಿ ಹೋಗುತ್ತದೆ, ಆದರೆ ಹುಣಸೆ ಹಳೆಯದಾ ಹೊಸದಾ, ಬೆಲ್ಲ ಎಷ್ಟು ಅಂತ ಪ್ರತಿ ಸಲ ಬೇರೆಯಾಗುತ್ತದೆ, ಅಳೆಯದೆ ಕೊಡಬೇಡಿ.

ಮೀಟರ್ ಬದಲು ಬಣ್ಣದ ಕಾಗದದ ಪಟ್ಟಿ ಸಾಕು ಅಂದುಕೊಳ್ಳಬೇಡಿ, ಅರಿಶಿನ, ಮೆಣಸಿನಪುಡಿ ಬಣ್ಣದಲ್ಲಿ ಅದು ಏನೂ ತೋರಿಸುವುದಿಲ್ಲ. ಮೀಟರಿನ ಜೊತೆಗೆ 4 ಮತ್ತು 7 ಪಿಎಚ್‌ನ ದ್ರಾವಣ ಬರುತ್ತದೆ, ಅಳೆಯುವ ದಿನ ಅದರಲ್ಲಿ ಹೊಂದಿಸಿಕೊಳ್ಳಿ. ಉಪ್ಪಿನಕಾಯಿ ಮಾಡಿದ ತಕ್ಷಣ ಅಳೆದರೆ ರಸ ಮಾತ್ರ ಹುಳಿ ಇರುತ್ತದೆ, ಹೋಳಿನ ಒಳಗೆ ಹುಳಿ ಇಳಿದಿರುವುದಿಲ್ಲ, ಒಂದು ದಿನವಾದರೂ ಬಿಡಿ. ಆಮೇಲೆ ಎಣ್ಣೆ ಬಸಿದು, ಹೋಳು ರಸ ಎರಡನ್ನೂ ನುಣ್ಣಗೆ ರುಬ್ಬಿ ಅಳೆಯಿರಿ. ಎಣ್ಣೆ ಮೀಟರಿನ ತುದಿಗೆ ಮೆತ್ತಿಕೊಂಡರೆ ಸುಳ್ಳು ಲೆಕ್ಕ ಬರುತ್ತದೆ. 4.5 ಬಂತು, ಪಾಸಾಯಿತು ಅಂತ ನಾನು ಕೊಡುವುದಿಲ್ಲ. 4.2ರ ಕೆಳಗೆ ಬಂದರೆ ಮಾತ್ರ ನನ್ನ ಮನೆಯಿಂದ ಜಾಡಿ ಹೊರಗೆ ಹೋಗುತ್ತದೆ.

ಚೀಟಿ ಅಂದರೆ ಲೇಬಲ್. ಪದಾರ್ಥದ ಹೆಸರು, ನಿಮ್ಮ ಹೆಸರು, ಮನೆ ವಿಳಾಸ ಇರಬೇಕು. ವಿಳಾಸ ಹಾಕಲು ಇಷ್ಟ ಇಲ್ಲದಿದ್ದರೆ ಈಗ ಇಲಾಖೆಯಲ್ಲಿ ನೋಂದಾಯಿಸಿ ಅವರು ಕೊಡುವ ನಂಬರನ್ನೇ ಹಾಕಬಹುದು, ಮನೆಯಲ್ಲಿ ಒಬ್ಬರೇ ಇರುವ ಹೆಣ್ಣುಮಕ್ಕಳಿಗೆ ಇದು ನಿಜಕ್ಕೂ ಅನುಕೂಲ. ಈ ಪದಾರ್ಥ ಸರ್ಕಾರದ ಲೈಸೆನ್ಸ್ ಅಥವಾ ತಪಾಸಣೆಗೆ ಒಳಪಡದ ಖಾಸಗಿ ಮನೆಯಲ್ಲಿ ತಯಾರಾಗಿದೆ ಅನ್ನುವ ವಾಕ್ಯವೂ ಇರಬೇಕು, ಕಾನೂನಿನಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೇ. ಅಲರ್ಜಿ ಪದಾರ್ಥಗಳನ್ನು ಹೇಳಬೇಕು. ಇಲ್ಲಿ ಒಂಬತ್ತು ಇವೆ: ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿ ಜಾತಿ, ಗೋಡಂಬಿ-ಬಾದಾಮಿ ಥರದ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ, ಮತ್ತು 2023ರಿಂದ ಎಳ್ಳು. ನಮ್ಮ ತಿಂಡಿಗಳಲ್ಲಿ ಎಳ್ಳು, ಕಡಲೆಕಾಯಿ ಇಲ್ಲದ್ದು ಎಷ್ಟಿದೆ ಹೇಳಿ. ಜನ ಮರೆಯುವುದು ಇಂಗು. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಡಬ್ಬದ ಹಿಂದೆ ಓದಿ. ಅಕ್ಕಿ ಹಿಟ್ಟಿನ ಕೋಡುಬಳೆ, ಗೋಧಿ ಇಲ್ಲ ಅಂತ ಬರೆದು ಕೊಟ್ಟು, ಗೋಧಿ ಆಗದ ಮಗು ಅದನ್ನು ತಿಂದರೆ? ಹಾಗೇ ಮೆಂತ್ಯದ ಪುಡಿ ಮೇಲೆ ಶುಗರ್ ವಾಸಿಯಾಗುತ್ತದೆ ಅಂತೆಲ್ಲ ಬರೆಯಬೇಡಿ, ಕಾಯಿಲೆ ವಾಸಿ ಮಾಡುತ್ತೇವೆ ಅಂದ ಕೂಡಲೇ ಅದು ಔಷಧಿ ಕಾನೂನಿಗೆ ಹೋಗುತ್ತದೆ.

ಆನ್‌ಲೈನ್ ಆರ್ಡರ್ ತಗೊಳ್ಳಬಹುದು, ವಾಟ್ಸಾಪ್ ಆದರೂ ಸರಿ. ಆದರೆ ಲೇಬಲ್ಲಿನ ವಿವರ ದುಡ್ಡು ಕೊಡುವ ಮುಂಚೆಯೇ ಅವರಿಗೆ ಕಾಣಬೇಕು, ತಲುಪಿಸುವುದು ನೀವೇ ಅಥವಾ ನಿಮ್ಮ ಮನೆಯವರು. ಅಂಚೆಗೆ, ಕೊರಿಯರಿಗೆ ಹಾಕುವ ಹಾಗಿಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆದರೆ ಕೇಂದ್ರದ್ದು ಇದೆ. ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ಉಳಿದರೂ ಸ್ವಂತ ದುಡಿಮೆಯ ತೆರಿಗೆ ಬರುತ್ತದೆ, ಹಿಟ್ಟು ಎಣ್ಣೆ ರಸೀದಿ ಎಲ್ಲಾ ಇಟ್ಟುಕೊಳ್ಳಿ. ಬಾಡಿಗೆ ಅಪಾರ್ಟ್‌ಮೆಂಟ್ ಆದರೆ ಕರಾರು ಪತ್ರ ಓದಿ, ಮನೆಯಿಂದ ವ್ಯಾಪಾರ ಬೇಡ ಅಂತ ಬರೆದಿರಬಹುದು. ಮನೆ ವಿಮೆ ಸಾಮಾನ್ಯವಾಗಿ ವ್ಯಾಪಾರಕ್ಕೆ ಆಗುವುದಿಲ್ಲ, ಜಾಡಿ ಪದಾರ್ಥ ಮಾರುವುದಾದರೆ ಬೇರೆ ವಿಮೆ ಮಾಡಿಸುವುದು ಒಳ್ಳೆಯದು.

ನ್ಯೂ ಜೆರ್ಸಿಯಲ್ಲಿರುವ ನಿಮ್ಮ ಅಕ್ಕನೂ ಜೊತೆಗೆ ಸೇರುತ್ತಾರೆ, ಇಲ್ಲಿಂದ ಸರಕು ಕಳಿಸಿ ಅಲ್ಲಿ ಮಾರುತ್ತಾರೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಅದು ಆಗುವುದಿಲ್ಲ. ರಾಜ್ಯ ದಾಟಿದ ಕೂಡಲೇ ಈ ಕಾನೂನಿನ ರಕ್ಷಣೆ ಮುಗಿಯಿತು. ಅಲ್ಲಿನ ಕಾನೂನೂ ಬೇರೆ, ನ್ಯೂ ಜೆರ್ಸಿಯಲ್ಲಿ ಮನೆ ತಿಂಡಿ ಮಾರಲು ಬಿಟ್ಟದ್ದೇ 2021ರಲ್ಲಿ, ಅದೂ ಪರ್ಮಿಟ್ ತಗೊಂಡು. ಅಕ್ಕನಿಗೆ ತಿನ್ನಲು ಕಳಿಸಿ, ಮಾರಲು ಬೇಡ. ಅವರು ಅಲ್ಲಿಯೇ ಪರ್ಮಿಟ್ ತಗೊಂಡು ತಮ್ಮ ಅಡುಗೆಮನೆಯಲ್ಲೇ ಮಾಡಲಿ. ಇಎಡಿ ಇದೆಯಾ ಇಲ್ಲವಾ ಮೊದಲು ಬರೆಯಿರಿ. ಇದ್ದರೆ ಖಾರ ಬಿಸ್ಕತ್ತಿನ ಲೇಬಲ್ ಅಚ್ಚು ಹಾಕಿಸುವ ಮುಂಚೆ ನನಗೊಮ್ಮೆ ಕಳಿಸಿ, ಓದಿ ಹೇಳುತ್ತೇನೆ.