ಲೇಲ್ಯಾಂಡ್ ಮುಳುಗಿದ್ದು ಮುಷ್ಕರದಿಂದಲೇ?

ಮಾನ್ಯ ಓದುಗರೇ,

ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಕುರಿತ ನಮ್ಮ ಲೇಖನವನ್ನು ಓದಿ, ಅದರಲ್ಲಿ ಬರುವ, ಬ್ರಿಟನ್ನಿನ ಕಾರು-ಲಾರಿ ತಯಾರಕ ಸಂಸ್ಥೆಯಾಗಿದ್ದ ಬ್ರಿಟಿಷ್ ಲೇಲ್ಯಾಂಡ್‌ಗೂ ನಮ್ಮ ಅಶೋಕ್ ಲೇಲ್ಯಾಂಡ್‌ಗೂ ನಂಟಿದೆಯೇ, ಕಾರ್ಮಿಕರ ಮುಷ್ಕರಗಳೇ ಆ ಸಂಸ್ಥೆಯನ್ನು ಮುಳುಗಿಸಿದವೇ ಎಂದು ಕೇಳಿದ್ದೀರಿ. ನಂಟಿದೆ. ಮುಷ್ಕರದ ಮಾತು ಅರ್ಧ ಸತ್ಯ. ಅದನ್ನೇ ಪೂರ್ಣ ಸತ್ಯವೆಂದು ಹೇಳುತ್ತ ಬಂದಿರುವುದು ಕಾರ್ಮಿಕರಿಗೆ ಮಾಡಿದ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಲ್ಯಾಂಕಷೈರ್‌ನ ಲೇಲ್ಯಾಂಡ್ ಎಂಬ ಊರಿನಲ್ಲಿ 1896ರಲ್ಲಿ ಸಮ್ನರ್ ಮತ್ತು ಸ್ಪರಿಯರ್ ಮನೆತನಗಳು ಉಗಿ ವಾಹನ ತಯಾರಿಸಲು ಕಟ್ಟಿದ ಕಂಪನಿ 1907ರಲ್ಲಿ ಊರಿನ ಹೆಸರನ್ನೇ ಇಟ್ಟುಕೊಂಡಿತು. ಲಾರಿ, ಬಸ್ಸುಗಳೇ ಅದರ ಬಲ. ಆಲ್ಬಿಯನ್, ಸ್ಕ್ಯಾಮೆಲ್ ಎಂಬ ಲಾರಿ ಕಂಪನಿಗಳನ್ನು ಕೊಂಡು ಬೆಳೆದ ಈ ಸಂಸ್ಥೆ 1961ರಲ್ಲಿ ಸ್ಟ್ಯಾಂಡರ್ಡ್-ಟ್ರಯಂಫ್ ಎಂಬ ಕಾರು ಕಂಪನಿಯನ್ನು ಕೊಂಡು ಕಾರಿಗೂ ಕೈಹಾಕಿತು. ಮುಂದೆ ರೋವರ್ ಕೂಡ ಬಂದು ಸೇರಿತು. 1968ರಲ್ಲಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಸರ್ಕಾರದ ಒತ್ತಾಸೆಯಿಂದ, ಆಸ್ಟಿನ್, ಮಾರಿಸ್, ಜಾಗ್ವಾರ್‌ಗಳನ್ನು ಹೊಂದಿದ್ದ ಬ್ರಿಟಿಷ್ ಮೋಟಾರ್ ಹೋಲ್ಡಿಂಗ್ಸ್ ಜೊತೆ ಅದು ವಿಲೀನವಾಗಿ ಬ್ರಿಟಿಷ್ ಲೇಲ್ಯಾಂಡ್ ಆಯಿತು. ಡೊನಾಲ್ಡ್ ಸ್ಟೋಕ್ಸ್ ಅದರ ಚುಕ್ಕಾಣಿ ಹಿಡಿದರು.

ಒಂದೇ ಸೂರಿನಡಿ ಬಂದರೂ ಒಕ್ಕಲು ಬೇರೆಬೇರೆಯಾಗಿಯೇ ಉಳಿಯಿತು. ರೋವರ್ ಬಳಿ ಹಗುರವಾದ, ನಂಬಿಕಸ್ಥ ಅಲ್ಯೂಮಿನಿಯಂ ವಿ8 (ಎಂಟು ಸಿಲಿಂಡರಿನ) ಎಂಜಿನ್ ಸಿದ್ಧವಿತ್ತು. ಆದರೂ ಟ್ರಯಂಫ್‌ನವರು 1970ರಲ್ಲಿ ಹೊರತಂದ ಸ್ಟ್ಯಾಗ್ ಕಾರಿಗೆ ಮೂರು ಲೀಟರಿನ ತಮ್ಮದೇ ವಿ8 ಎಂಜಿನನ್ನು ಕೂರಿಸಿದರು. ಅದು ವಿಪರೀತ ಬಿಸಿಯಾಗಿ ಕೆಡುತ್ತಿತ್ತು. ಅಂದವಾದ ಆ ಕಾರು ಕೊಂಡವರ ವಿಶ್ವಾಸವನ್ನು ಕಳೆದುಕೊಂಡಿತು. ಈ ತೀರ್ಮಾನ ಕಾರ್ಖಾನೆಯ ಕೆಲಸಗಾರನದ್ದಲ್ಲ. ರೋವರ್ 2000 ಮತ್ತು ಟ್ರಯಂಫ್ 2000 ಒಂದೇ ಸಂಸ್ಥೆಯೊಳಗೆ ಒಂದೇ ಬಗೆಯ ಗಿರಾಕಿಗಾಗಿ ಪೈಪೋಟಿ ನಡೆಸುತ್ತಿದ್ದುದಕ್ಕೂ ಅವನು ಹೊಣೆಯಲ್ಲ. ಲಾಂಗ್‌ಬ್ರಿಜ್, ಕೌಲಿ ಕಾರ್ಖಾನೆಗಳಲ್ಲಿ ಮುಷ್ಕರಗಳು ಮೇಲಿಂದ ಮೇಲೆ ನಡೆದು ಉತ್ಪಾದನೆಗೆ ದೊಡ್ಡ ಪೆಟ್ಟು ಬಿದ್ದದ್ದು ನಿಜ. ಆದರೆ ಸಂಸ್ಥೆಯ ಸ್ಥಿತಿಗತಿ ಅರಿಯಲು ಸರ್ಕಾರವೇ ತರಿಸಿಕೊಂಡ 1975ರ ರೈಡರ್ ವರದಿ, ಲಾಭದ ಬಹುಪಾಲು ಷೇರುದಾರರಿಗೆ ಹಂಚಿಹೋಗಿ ಹಳೆಯ ಯಂತ್ರಗಳನ್ನು ಬದಲಿಸಲು ಬಂಡವಾಳ ಹೂಡದೇ ಇದ್ದುದನ್ನೂ ಎತ್ತಿ ತೋರಿಸಿತು. ಅದೇ ವರ್ಷ ಸಂಸ್ಥೆ ಸರ್ಕಾರದ ಕೈಸೇರಿತು. ಕಾರುಗಳ ನಷ್ಟ ತುಂಬುವುದರಲ್ಲಿ ಲಾರಿ ವಿಭಾಗಕ್ಕೆ ಸಿಗಬೇಕಿದ್ದ ಗಮನವೂ ಹಣವೂ ಸಿಗಲಿಲ್ಲವೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

1986ರಲ್ಲಿ ಸಂಸ್ಥೆಯ ಹೆಸರು ರೋವರ್ ಗ್ರೂಪ್ ಎಂದಾಯಿತು. ಮರುವರ್ಷ ಲಾರಿ ವಿಭಾಗ ಡಚ್ಚರ ಲಾರಿ ಕಂಪನಿ ಡಾಫ್ ಜೊತೆ ಸೇರಿತು. ಬಸ್ಸು ವಿಭಾಗ 1988ರಲ್ಲಿ ವೋಲ್ವೊ ಪಾಲಾಯಿತು. ಕಾರುಗಳು ಬ್ರಿಟಿಷ್ ಏರೋಸ್ಪೇಸ್, ಬಿಎಂಡಬ್ಲ್ಯು ಎಂದು ಕೈಯಿಂದ ಕೈಗೆ ದಾಟಿ, ಕೊನೆಗುಳಿದ ಎಂಜಿ ರೋವರ್ 2005ರಲ್ಲಿ ದಿವಾಳಿಯಾಯಿತು.

ಇನ್ನು ನಮ್ಮ ನಂಟು. 1948ರಲ್ಲಿ ರಘುನಂದನ್ ಸರನ್ ಸ್ಥಾಪಿಸಿದ ಅಶೋಕ್ ಮೋಟಾರ್ಸ್‌ನಲ್ಲಿ ಲೇಲ್ಯಾಂಡ್ ಬಂಡವಾಳ ತೊಡಗಿಸಿದ್ದರಿಂದ 1955ರಲ್ಲಿ ಅಶೋಕ್ ಲೇಲ್ಯಾಂಡ್ ಎಂಬ ಹೆಸರು ಬಂತು. ಮದರಾಸಿನ ಎನ್ನೋರಿನಲ್ಲಿ ಆರಂಭವಾದ ಅದು 1980ರಲ್ಲಿ ನಮ್ಮ ಗಡಿಯಾಚೆಯ ಹೊಸೂರಿಗೂ ಹಬ್ಬಿತು. 1987ರಲ್ಲಿ ಬ್ರಿಟಿಷರ ಪಾಲನ್ನು ಹಿಂದೂಜಾ ಸಮೂಹ ಇಟಲಿಯ ಲಾರಿ ಕಂಪನಿ ಇವೆಕೊ ಜೊತೆಗೂಡಿ ಕೊಂಡಿತು. ಹೀಗಾಗಿ ಇಂದು ಎರಡಕ್ಕೂ ಒಡೆತನದ ಸಂಬಂಧವಿಲ್ಲ. ಲೇಲ್ಯಾಂಡ್ ಊರಿನ ಕಾರ್ಖಾನೆ ಅಮೆರಿಕದ ಪ್ಯಾಕಾರ್ ಒಡೆತನದಲ್ಲಿ ಡಾಫ್ ಹೆಸರಿನ ಲಾರಿಗಳನ್ನು ತಯಾರಿಸುತ್ತಿದೆ.

— ಸಂಪಾದಕ