ಸೈಪ್ರಸ್ ಮಾತುಕತೆ ಮುರಿದದ್ದೇಕೆ?

ಗ್ರೀಕ್ ಮತ್ತು ಟರ್ಕಿಶ್ ಭಾಗಗಳಾಗಿ ಒಡೆದ ದ್ವೀಪ ಸೈಪ್ರಸ್ 2004ರಲ್ಲಿ ಒಂದಾಗದೆ ಹೋದದ್ದು ವಿಶ್ವಸಂಸ್ಥೆಯ ವೈಫಲ್ಯವೇ ಎಂದು ಕೇಳಿದ್ದೀರಿ. ಪೂರ್ತಿ ಹೊಣೆಯನ್ನು ಅದರ ತಲೆಗೆ ಕಟ್ಟುವುದು ಅನ್ಯಾಯ. ದ್ವೀಪವನ್ನು ಒಂದುಗೂಡಿಸಲು ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮುಂದಿಟ್ಟ ಯೋಜನೆಯನ್ನು ಜನಮತದಲ್ಲಿ ಟರ್ಕಿಶ್ ಸೈಪ್ರಿಯಾಟರಲ್ಲಿ ಸುಮಾರು ಶೇ 65 ಮಂದಿ ಒಪ್ಪಿದರು, ಗ್ರೀಕ್ ಸೈಪ್ರಿಯಾಟರಲ್ಲಿ ಶೇ 76 ಮಂದಿ ತಿರಸ್ಕರಿಸಿದರು. ದ್ವೀಪದಲ್ಲಿದ್ದ ಟರ್ಕಿಯ ಸೇನೆಯ ಬಗ್ಗೆ ಗ್ರೀಕ್ ಸೈಪ್ರಿಯಾಟರಿಗಿದ್ದ ಭಯ ಸುಳ್ಳಲ್ಲ. ಆದರೆ ಜನಮತ ಏನೇ ಬರಲಿ, ಮೇ 1ರಂದು ಅವರಿಗೆ ಯುರೋಪಿಯನ್ ಒಕ್ಕೂಟದ ಸದಸ್ಯತ್ವ ಖಚಿತವಿತ್ತು. ಅವರನ್ನು ಒಪ್ಪಿಸಲು ಮಧ್ಯಸ್ಥರಿಗಿದ್ದ ಹಿಡಿತ ಅಲ್ಲೇ ಸಡಿಲವಾಯಿತು.

ನನಗೆ ಹೆಚ್ಚು ಭರವಸೆ ಕೊಡುವುದು ಎರಡು ಸಮುದಾಯಗಳ ಸಂಘರ್ಷದಲ್ಲಿ ಕಾಣೆಯಾದವರನ್ನು ಹುಡುಕುವ ಸಮಿತಿ. ರಾಜಧಾನಿ ನಿಕೋಸಿಯಾದ ಪ್ರಯೋಗಾಲಯದಲ್ಲಿ ಎರಡೂ ಸಮುದಾಯದ ತಜ್ಞರು ಒಂದೇ ಮೇಜಿನ ಮೇಲೆ ಮೂಳೆಗಳನ್ನು ಜೋಡಿಸಿ, ಡಿಎನ್‌ಎ ಮೂಲಕ ಗುರುತು ಹಚ್ಚಿ, ಸಾವಿರಕ್ಕೂ ಹೆಚ್ಚು ಮಂದಿಯ ಅವಶೇಷಗಳನ್ನು ಮನೆಯವರಿಗೆ ಒಪ್ಪಿಸಿದ್ದಾರೆ. ಆ ಸಮಿತಿಯ ಮೂರನೇ ಸದಸ್ಯರನ್ನು ನೇಮಿಸುವುದು ವಿಶ್ವಸಂಸ್ಥೆಯೇ.